ಜೋಳದ ಹೊಲದ ಬಿಳಿ ಮುಖ

ಮಣ್ಣು ಮಾಡಿ ಬರುವವರು ಹಿಂದಿರುಗಿ ನೋಡಬಾರದು. ನಾನು ನೋಡಿದೆ.

ಯತೀಶನನ್ನು ಕಿರುಗಾವಲಿನಾಚೆ, ನಾಲೆ ಪಕ್ಕದ ಅವನದೇ ಹೊಲದಲ್ಲಿ ಮಣ್ಣು ಮಾಡಿದೆವು. ನಲವತ್ತೇಳು ವರ್ಷ ಅವನಿಗೆ, ನನ್ನಷ್ಟೇ. ಎಲ್ಲರೂ ಬದುವಿನ ಮೇಲೆ ಸಾಲಾಗಿ ಹೊರಟಾಗ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದೆ. ಹೊಲದ ಆ ಕೊನೆಯಲ್ಲಿ, ಮುಸುಕಿನ ಜೋಳದ ಸೂಲಂಗಿ ಹೂಗಳ ಮೇಲೆ ಒಂದು ಬಿಳಿ ಮುಖವಿತ್ತು. ಕಣ್ಣಿರಬೇಕಾದಲ್ಲಿ ಎರಡು ತೂತು. ಆ ಮುಖ ನನಗೆ ಗೊತ್ತಿತ್ತು. ಇಪ್ಪತ್ತೇಳು ವರ್ಷದ ಹಿಂದೆ ನಾನೂ ಯತೀಶನೂ ಕೂತು ಮಾಡಿದ ಮುಖವಾಡ ಅದು. ಯಾವತ್ತೋ ಒಲೆಗೆ ಹೋಗಿದೆ ಅಂದುಕೊಂಡಿದ್ದೆ. ಯಾರಿಗೂ ಹೇಳದೆ ಮುಂದೆ ನಡೆದೆ.

ಆಗ ಯತೀಶ ಮಳವಳ್ಳಿಯಲ್ಲಿ, ರೇಷ್ಮೆಗೂಡಿನ ಗೋದಾಮಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ವಿಡಿಯೊ ಪ್ರದರ್ಶನ ನಡೆಸುತ್ತಿದ್ದ. ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿದರೆ ಒಳಗೆ ಕತ್ತಲೆ. ತೋರಿಸುತ್ತಿದ್ದದ್ದೆಲ್ಲ ಮುಖವಾಡ ತೊಟ್ಟ ಕೊಲೆಗಾರನ ಇಂಗ್ಲಿಷ್ ಚಿತ್ರಗಳು. ಕಥೆ ಹೆಚ್ಚುಕಡಿಮೆ ಒಂದೇ. ಊರಾಚೆಯ ಒಂದು ಮನೆ, ಐದಾರು ಹುಡುಗ ಹುಡುಗಿಯರು, ಚಾಕು ಹಿಡಿದ ಒಬ್ಬ. ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊನೆಗೆ ಒಬ್ಬಳು ಹುಡುಗಿ ಉಳಿಯುತ್ತಾಳೆ.

ನೋಡಲು ಬರುವವರಿಗೆ ಇಂಗ್ಲಿಷ್ ಬಾರದು. ಯತೀಶನಿಗೂ ಬಾರದು. ಅವನು ಟಿವಿ ಪಕ್ಕ ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದ. ಕೊಲೆಗಾರನಿಗೆ ಅವನಿಟ್ಟ ಹೆಸರು ‘ಅಣ್ಣ’.

“ನೋಡ್ರಪ್ಪಾ, ಈಗ ಇವ್ಳು ಒಬ್ಳೇ ಕೊಟ್ಗೆ ತಾವ್ಕೆ ಓಯ್ತಾಳೆ. ಓಗ್ಬ್ಯಾಡ ಕಣಮ್ಮ, ಅಲ್ಲಿ ಅಣ್ಣ ಅವ್ನೆ ಅಂದ್ರೆ ಕೇಳಾಕಿಲ್ಲ.”

“ನಮ್ಮನೇವ್ಳೂ ಅಂಗೇ ಕಣ್ಲಾ,” ಎಂದು ಕತ್ತಲಿನಿಂದ ಯಾರೋ ಅನ್ನುವರು. ನಗು ಏಳುವುದು. ನಗು ಇಳಿಯುವಷ್ಟರಲ್ಲಿ ಅಣ್ಣ ಬಂದಿರುತ್ತಿದ್ದ.

ಮೈದಾ ಚೀಲದ ಬಟ್ಟೆಗೆ ಗಂಜಿ ಹಾಕಿ, ಒಣಗಿಸಿ, ಬಿಳಿ ಪೇಂಟು ಬಳಿದು ಮುಖವಾಡ ಮಾಡಿದ್ದೆವು. ಕಣ್ಣಿನ ತೂತು ಕತ್ತರಿಸಿದವನು ನಾನು. ಒಂದು ಕಣ್ಣು ತುಸು ದೊಡ್ಡದಾಯಿತು. ಅದನ್ನು ತೊಟ್ಟು ಯತೀಶ ಸೈಕಲ್ಲಿನಲ್ಲಿ ಕಿರುಗಾವಲಿನವರೆಗೂ ಹೋಗಿ ಬರುತ್ತಿದ್ದ, ಒಂದು ಮಾತೂ ಆಡದೆ. ಅದೇ ನಮ್ಮ ಪ್ರಚಾರ. ಹೊಲದಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡುತ್ತ ನಿಲ್ಲುತ್ತಿದ್ದರು.

ಇಂಥ ಚಿತ್ರಗಳನ್ನು ಜನ ಯಾಕೆ ನೋಡುತ್ತಾರೆ ಎಂದು ವಿವರಿಸುವ ಪುಸ್ತಕಗಳನ್ನು ನಾನು ಆಮೇಲೆ ಓದಿದೆ. ಯತೀಶನ ವಿವರಣೆ ಅವಕ್ಕಿಂತ ಚಿಕ್ಕದು. ಊರಲ್ಲಿ ಸಾವು ಯಾವ ಕಡೆಯಿಂದ ಬರುತ್ತದೋ ಯಾರಿಗೂ ಕಾಣದು. ಇಲ್ಲಿ ಅದಕ್ಕೆ ಕಾಲಿದೆ, ನಡೆದು ಬರುತ್ತದೆ, ಕೂತು ನೋಡಬಹುದು ಅನ್ನುತ್ತಿದ್ದ. ಅವನಿಗೆ ತುಂಬ ಹಿಡಿಸಿದ್ದು ಅಣ್ಣ ಎಂದೂ ಓಡುವುದಿಲ್ಲ ಎಂಬುದು. ಓಡುವವರು ಎಡವಿ ಬೀಳುತ್ತಾರೆ, ನಡೆಯುವವನು ಬಂದು ಮುಟ್ಟುತ್ತಾನೆ. ತಿರುಗಿ ನೋಡಿದವರು ಮೊದಲು ಸಿಕ್ಕುತ್ತಾರೆ. ಮಸಣದಿಂದ ಬರುವಾಗ ತಿರುಗಬೇಡಿ ಎಂದ ನಮ್ಮ ಹಿರಿಯರಿಗೆ ಇದು ಆಗಲೇ ಗೊತ್ತಿತ್ತು ಎಂಬುದು ಅವನ ವಾದ.

ಆ ಚಿತ್ರಗಳ ಕೊನೆಯಲ್ಲಿ ಸತ್ತ ಕೊಲೆಗಾರ ಮತ್ತೆ ಕಣ್ಣು ಬಿಡುತ್ತಾನೆ. ಯತೀಶ ಅದನ್ನು ಒಮ್ಮೆಯೂ ತೋರಿಸಲಿಲ್ಲ. ಅಷ್ಟರಲ್ಲಿ ಕ್ಯಾಸೆಟ್ ನಿಲ್ಲಿಸಿ, ಸತ್ತವನು ಸತ್ತ, ಮನೆಗೆ ಹೋಗಿ ಅನ್ನುತ್ತಿದ್ದ. ಕಬ್ಬಿನ ಗದ್ದೆಗಳ ನಡುವೆ ನಡೆದು ಊರು ಸೇರಬೇಕಾದವರು ಅವರೆಲ್ಲ.

ಸಿ.ಡಿ. ಬಂದಮೇಲೆ ಶೆಡ್ಡು ಮುಚ್ಚಿತು. ಅವನು ಹೊಲಕ್ಕೆ ಮರಳಿದ, ಮದುವೆಯಾದ. ಹೆಂಡತಿ ಬೇಗ ತೀರಿಕೊಂಡಳು. ಮಗಳು ದೀಪಿಕಳನ್ನು ಅವನ ತಾಯಿ ಮಾಯಮ್ಮ ಬೆಳೆಸಿದರು. ಈ ವರ್ಷ ಅವನ ಲಿವರ್ ಕೆಟ್ಟು ಮಂಡ್ಯದ ಆಸ್ಪತ್ರೆಗೆ ಸೇರಿದಮೇಲೆ, ಅವಳು ನೋಡಲು ಹೋದಾಗಲೆಲ್ಲ ಅಪ್ಪ ಮಗಳು ಒಂದೇ ಮೊಬೈಲಿನಲ್ಲಿ ಅದೇ ಹಳೆಯ ಚಿತ್ರಗಳನ್ನು ನೋಡುತ್ತಿದ್ದರು. ಅವಳಿಗೆ ಇಂಗ್ಲಿಷ್ ಬರುತ್ತದೆ. ಆದರೂ ಅಪ್ಪನ ಕಥೆಯೇ ಚೆನ್ನ ಎಂದು ಧ್ವನಿ ನಿಲ್ಲಿಸಿ ಅವನ ಕೈಲಿ ಹೇಳಿಸುತ್ತಿದ್ದಳು. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಮಾತಾಡಿದ ದಿನ ಯತೀಶ ಮೊಬೈಲು ಕೆಳಗಿಟ್ಟ.

“ಓಡಾಕಿಲ್ಲ ಕಣ್ಲಾ ಅವ್ನು,” ಎಂದ. “ನಡ್ಕಂಡೇ ಬತ್ತಾವ್ನೆ.”

ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಅವನಿಗೆ ಇಷ್ಟವಾದ ಮುದ್ದೆ, ಬಸ್ಸಾರು, ನಾನು ಮದ್ದೂರಿನಿಂದ ತಂದ ವಡೆ, ಒಂದು ಕಟ್ಟು ಬೀಡಿ ಎಲೆಯಲ್ಲಿಟ್ಟು ಹಿಂದೆ ಸರಿದೆವು. ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವನು ಇನ್ನೂ ಹೋಗಿಲ್ಲವೆಂದು ಅರ್ಥ.

ನಾಲೆಯಾಚೆಯ ಬೇವಿನ ಮರದಲ್ಲಿ ಆರೇಳು ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ. ಅವನ ಚಿಕ್ಕಪ್ಪ ಹೊನ್ನಯ್ಯ, ಏನೋ ಆಸೆ ಉಳಿದಿದೆ ಎಂದು, ನಿನ್ನ ಮಗಳನ್ನು ಓದಿಸುತ್ತೇವೆ ಹೋಗಪ್ಪ ಎಂದು ಗುಡ್ಡೆಗೆ ಕೈಮುಗಿದು ಮಾತು ಕೊಟ್ಟರು. ಬಿಸಿಲು ಏರಿತು. ಮಾಯಮ್ಮ ಮಣ್ಣಿನ ಮೇಲೆ ಕೂತು ಎಲೆಯನ್ನೇ ನೋಡುತ್ತಿದ್ದರು. ನನಗೆ ಮಾತ್ರ ಕಾರಣ ಗೊತ್ತಿತ್ತು. ನಾನು ತಿರುಗಿ ನೋಡಿ ಅವನನ್ನು ತಡೆದಿದ್ದೆ. ಬಂದಾಗಿನಿಂದ ಜೋಳಕ್ಕೆ ಬೆನ್ನು ಹಾಕಿಯೇ ನಿಂತಿದ್ದೆ.

“ಮಾಮ,” ಎಂದಳು ದೀಪಿಕ. “ಕಾಗೆ ಎಂಗೆ ಬತ್ತದೆ? ಅಪ್ಪನ ಬೊಂಬೆ ನೋಡ್ತಾ ನಿಂತದಲ್ಲ.”

ನೋಡಲೇಬೇಕಾಯಿತು. ಬೆದರುಬೊಂಬೆ. ಯತೀಶನ ಅಂಗಿ, ಅದರ ಮೇಲೆ ಆ ಮುಖ, ಒಂದು ಕಣ್ಣು ದೊಡ್ಡದು. ಆದರೆ ಅವತ್ತು ಹೊಲದ ಕೊನೆಯಲ್ಲಿದ್ದದ್ದು ಈಗ ಹತ್ತಿರ ಬಂದಿತ್ತು.

ಹಕ್ಕಿಗಳಿಗೆ ರೂಢಿಯಾಗಬಾರದೆಂದು ಅವಳ ಅಪ್ಪ ದಿನಕ್ಕೆ ನಾಲ್ಕು ಹೆಜ್ಜೆ ಅದನ್ನು ಸರಿಸುತ್ತಿದ್ದರಂತೆ. ಆಸ್ಪತ್ರೆಗೆ ಹೋಗುವಾಗ ಅವಳಿಗೆ ಒಪ್ಪಿಸಿದ್ದರು. ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಇವತ್ತು ಬೆಳಿಗ್ಗೆಯೂ ಸರಿಸಿದ್ದಳು. ಎರಡು ವರ್ಷದಿಂದ ಆ ಹೊಲಕ್ಕೆ ಕಾಗೆ ಇಳಿದಿಲ್ಲ. ದಿನಾ ಕಂಡು ಕಂಡು ಮನೆಯವರಿಗೆ ಅದು ಕಾಣದಾಗಿತ್ತು.

ಮಾಯಮ್ಮ ಹಣೆಗೆ ಕೈ ಹಚ್ಚಿದರು. “ಕಾಗೆ ಓಡ್ಸಾಕೆ ಅಂತ್ಲೇ ಅವ್ನು ನಿಲ್ಸಿದ್ದು. ಅದ್ರ ಮುಂದ್ಕೇ ಎಡೆ ಮಡುಗ್ಬುಟ್ಟು ಕಾಯ್ತಾ ಕೂತಿವಿ.” ಆಮೇಲೆ ನನ್ನನ್ನು ನೋಡಿದರು. “ನೀನೇ ತಗಿ ಮಗ. ಮಾಡ್ದೋನೂ ನೀನೇ ಅಲ್ವಾ.”

ಜೋಳದೊಳಗೆ ಹೋದೆ. ಗರಿಗಳು ಕೈ ಕುಯ್ದವು. ಹತ್ತಿರವಾದಂತೆ ಅಂಗಿಯ ತೋಳು ಗಾಳಿಗೆ ಒಮ್ಮೆ ಎದ್ದಿತು. ಮುಖವಾಡವನ್ನು ಎರಡು ಕೈಯಲ್ಲಿ ಹಿಡಿದು ಎತ್ತಿದೆ. ಕೆಳಗೆ ಮಸಿ ಹಿಡಿದ ಒಂದು ಮಡಕೆ, ಅಷ್ಟೇ. ಒಳಬದಿಯಲ್ಲಿ ಬೀಡಿಯ ವಾಸನೆ ಇನ್ನೂ ಇತ್ತು.

ಆಗ ಬೆನ್ನ ಹಿಂದೆ ರೆಕ್ಕೆಯ ಸದ್ದಾಯಿತು. ಇನ್ನೊಂದು. ಕೊಕ್ಕು ಎಲೆಗೆ ತಾಗಿದ ಸದ್ದು.

“ಮುಟ್ತು,” ಎಂದರು ಮಾಯಮ್ಮ. “ತಿರುಗ್ಬ್ಯಾಡ. ಅಂಗೇ ಓಗ್ಬುಡು.”

ನೋಡಬೇಕೆನ್ನಿಸಿತು, ಒಮ್ಮೆ. ಮುಖವಾಡವನ್ನು ಮಡಚಲು ಬರಲಿಲ್ಲ. ಗಂಜಿ ಇನ್ನೂ ಗಟ್ಟಿಯಾಗಿತ್ತು. ಎದೆಗೊತ್ತಿಕೊಂಡು, ತಿರುಗದೆ, ಓಡದೆ, ನಾಲೆಯವರೆಗೂ ನಡೆದೆ.