ಮಲ್ಲಿಗೆ ಅಕ್ಕಿಗೆ, ವೆನಿಲ್ಲಾ ಮನೆಗೆ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಕೇಕ್ ಮಾಡಲು ಹೊರಟು ವೆನಿಲ್ಲಾ ಎಸೆನ್ಸಿನ ಬಾಟಲಿ ತೆರೆದೆ. ಪರಿಮಳ ಮೂಗಿಗೆ ಬಡಿದದ್ದೇ ತಡ, ಮಂಗಲ್ಪಾಡಿಯಲ್ಲಿ ನಮ್ಮ ಬೇಲಿಯಾಚೆ ಇದ್ದ ಅಕ್ಕ ನೆನಪಾದರು. ಈ ವಯಸ್ಸಿನಲ್ಲಿ ನೆನಪು ಕೂಡ ಆಯಾಸವೇ...

ಗಂಡ ತೀರಿದ ಮೇಲೆ ಅಕ್ಕ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ತಮ್ಮ ಬಿಟ್ಟುಕೊಟ್ಟ ತುಂಡು ಜಾಗದಲ್ಲಿ ಮಲ್ಲಿಗೆ ಬೆಳೆಸಿದ್ದರು. ಬೆಳಗ್ಗೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ರಿಕ್ಷಾ ಬರುವಾಗ ಕೊಡಬೇಕು. ದೊಡ್ಡ ಸಂಪಾದನೆಯೇನಲ್ಲ. ಆದರೆ ಅಕ್ಕಿಗೆ, ಮೀನಿಗೆ, ಮದ್ದಿಗೆ ಯಾರ ಮುಂದೆಯೂ ಕೈಚಾಚಬೇಕಿರಲಿಲ್ಲ. ಅವರ ಆಸೆ ಒಂದೇ, ಸ್ವಂತದ್ದೊಂದು ಮನೆ. ತಮ್ಮನ ಹೆಂಡತಿ ಪಾತ್ರೆ ಕುಕ್ಕಿದ ಸದ್ದಾದರೆ ಸಾಕು, ಅಕ್ಕನ ಮುಖ ಸಣ್ಣದಾಗುತ್ತಿತ್ತು.

ಆಗ ವೆನಿಲ್ಲಾಕ್ಕೆ ಚಿನ್ನದ ಬೆಲೆ. ಊರಿಗೆ ಊರೇ ಬಳ್ಳಿ ನೆಟ್ಟು, ಕಳ್ಳರ ಹೆದರಿಕೆಗೆ ನಾಯಿ ಕಟ್ಟಿ ಕಾಯುತ್ತಿತ್ತು. ಕೆಲವರು ಇದ್ದಬದ್ದ ಕೃಷಿಯನ್ನೆಲ್ಲ ಕಡಿದು ಹಾಕಿದರು. ಅಕ್ಕ ಹಾಗೆ ಮಾಡಲಿಲ್ಲ. ಅರ್ಧ ಮಲ್ಲಿಗೆ ಉಳಿಸಿಕೊಂಡು, ಕೈಬಳೆ ಮಾರಿ, ಉಳಿದರ್ಧ ಜಾಗದಲ್ಲಿ ವೆನಿಲ್ಲಾ ನೆಟ್ಟರು.

"ಮಲ್ಲಿಗೆ ಅಕ್ಕಿಗೆ, ವೆನಿಲ್ಲಾ ಮನೆಗೆ. ಎಂತ ಟೀಚರೇ, ಲೆಕ್ಕ ಸರಿ ಉಂಟಲ್ಲ?" ಎಂದು ಬೇಲಿಯಾಚೆಯಿಂದ ಕೇಳಿದ್ದರು.

ಸರಿಯೇ ಇತ್ತು. ನನ್ನ ನಿವೃತ್ತಿಯ ದುಡ್ಡಿಗೆ ಅಳಿಯ ಈಗ ಹೇಳುವುದೂ ಅದನ್ನೇ: ಅರ್ಧ ಬಡ್ಡಿ ಬರುವ ಕಡೆ ಇಡಿ, ಅರ್ಧ ಶೇರಿಗೆ ಹಾಕಿ. ಅಕ್ಕ ಅದನ್ನು ಯಾರೂ ಹೇಳಿಕೊಡದೆ ಮಾಡಿದ್ದರು.

ಬಳ್ಳಿ ಹೂ ಬಿಟ್ಟಾಗ ಗೊತ್ತಾಯಿತು ಕಷ್ಟ. ಜಾಗವನ್ನು ಪಾಲು ಮಾಡಬಹುದು, ಬೆಳಗನ್ನು ಮಾಡಲಿಕ್ಕಾಗುತ್ತದಾ? ವೆನಿಲ್ಲಾ ಹೂವಿನ ಆಯುಷ್ಯ ಒಂದು ಬೆಳಗಿನದ್ದು; ವಾರಗಟ್ಟಲೆ ದಿನಾ ಹೊಸ ಹೂ ಅರಳುತ್ತದೆ. ಬಿಸಿಲೇರುವ ಮೊದಲು ಒಂದೊಂದು ಹೂವಿಗೂ ಕಡ್ಡಿಯಿಂದ ಪರಾಗ ತಾಗಿಸದಿದ್ದರೆ ಬೀನ್ಸಿನಂಥ ಕೋಡು ಕಟ್ಟುವುದಿಲ್ಲ, ಹೂವು ಉದುರಿಹೋಗುತ್ತದೆ. ಮಲ್ಲಿಗೆ ಕೊಯ್ದು ಕಟ್ಟುವ ಹೊತ್ತೂ ಅದೇ. ಆಳು ಇಟ್ಟರೆ ಮಲ್ಲಿಗೆಯ ದುಡ್ಡೆಲ್ಲ ಸಂಬಳಕ್ಕೇ ಸರಿ. ನನಗೋ ಶಾಲೆಯ ಬಸ್ಸು ಹಿಡಿಯುವ ಗಡಿಬಿಡಿ. ಅಕ್ಕ ಮನೆಯ ಆಸೆಗೆ ವೆನಿಲ್ಲಾದ ಬುಡದಲ್ಲೇ ನಿಂತರು. ಮಲ್ಲಿಗೆ ಗಿಡದಲ್ಲೇ ಅರಳಿತು; ಅರಳಿದ ಹೂವನ್ನು ಯಾರು ಕೊಳ್ಳುತ್ತಾರೆ? ಕೆಲವು ದಿನ ಬಂದು ಬರಿಗೈಯಲ್ಲಿ ಹೋದ ರಿಕ್ಷಾದವ ಆಮೇಲೆ ನಮ್ಮ ದಾರಿಗೆ ಬರುವುದನ್ನೇ ಬಿಟ್ಟ.

ಕೋಡು ಬಲಿತು ಕೊಯ್ಯುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾರಿಗೂ ಬೇಡವಾದ ಕೋಡುಗಳನ್ನು ಚಾಪೆಯಲ್ಲಿ ಹರವಿಕೊಂಡು ಅಕ್ಕ ಕುಳಿತಿದ್ದರು... ದುರಾಸೆಯ ಹೆಂಗಸಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಯಾರ ಮೇಲೆ ಸಿಟ್ಟು ಮಾಡುವುದೆಂದೇ ನನಗೆ ತಿಳಿಯಲಿಲ್ಲ.

ಮರುವರ್ಷ ಅಕ್ಕ ಮಂಗಳೂರಿಗೆ ಹೋಗಿ, ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಒಮ್ಮೆ ಹೋಗಿ ಕಂಡಿದ್ದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಹೇಗಿದ್ದೀರಿ ಎಂದು ಕೇಳಿದೆ.

"ಎಂತ ಹೇಳುದು ಮಾರಾಯ್ರೆ, ಮನೆ ಉಂಟಲ್ಲ, ಎರಡು ಮಾಳಿಗೆಯದ್ದು. ನನ್ನದಲ್ಲ, ಅಷ್ಟೇ," ಎಂದು ನಕ್ಕರು.

ಆ ಅಜ್ಜಿ ಹೋದ ಮೇಲೆ ಇನ್ನೊಂದು ಮನೆ, ಅದಾದ ಮೇಲೆ ಮತ್ತೊಂದು... ಹೋದ ಮಳೆಗಾಲದಲ್ಲಿ ಅಕ್ಕನೂ ತೀರಿಕೊಂಡರು. ಕೊನೆಗೆ ಕೆಲಸಕ್ಕಿದ್ದ ಮನೆಯವರಿಗೆ ಅವರು ಕೊಟ್ಟಿದ್ದದ್ದು ತಮ್ಮನ ನಂಬರಲ್ಲ, ನನ್ನದು.

"ಬಾಡಿ ಯಾವ ಮನೆಗೆ ತರುವುದು ಟೀಚರ್?" ಎಂದು ಆ ಮನೆಯವರು ಫೋನಿನಲ್ಲಿ ಕೇಳಿದರು.