ಅಜ್ಜಿಯ ಕುಡ್ಲು

ಗೌರಿಹಬ್ಬಕ್ಕೆ ಹಿತ್ತಾಳೆ ಸಾಮಾನು ಇಳಿಸೋಣವೆಂದು ಹಾಸನದ ನಮ್ಮ ಮನೆಯ ಅಟ್ಟಕ್ಕೆ ಕೈಹಾಕಿದರೆ ಗೋಣಿತಾಟಿನ ಗಂಟೊಂದು ಸಿಕ್ಕಿತು. ಬಿಚ್ಚಿದೆ. ಹರಳೆಣ್ಣೆಯ ಕಮಟು ವಾಸನೆ... ಅಜ್ಜಿಯ ಕುಡ್ಲು, ಹುಲ್ಲು ಕುಯ್ಯುವ ಕುಡುಗೋಲು. ಹಿಡಿಗೆ ಅವಳ ಹಸಿರು ಸೀರೆಯ ಚೂರು ಸುತ್ತಿದೆ. ಆರು ವರ್ಷ ಇದನ್ನು ಬಚ್ಚಿಟ್ಟವಳು ನಾನೇ. ಆದರೂ ನನ್ನ ಸಿಟ್ಟು ಮೊದಲು ಹೋಗುವುದು ದೊಡ್ಡಪ್ಪನ ಮೇಲೆ. ಅವನಿಗೆ ಬೇಜಾರಾದರೆ ಆಗಲಿ.

ಅಜ್ಜಿಯೆಂದರೆ ಅಪ್ಪನ ಅವ್ವ. ದಂಡಿಗನಹಳ್ಳಿ ಪಕ್ಕದ ಊರಿನವಳು. ಗಂಡ ಸತ್ತಾಗ ಎರಡು ಗಂಡುಮಕ್ಕಳು ಇನ್ನೂ ಸಣ್ಣವು. ಬೆಳಿಗ್ಗೆ ಕೂಲಿ, ಮಧ್ಯಾಹ್ನ ಶ್ರವಣಬೆಳಗೊಳದ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ಬುಟ್ಟಿ, ಸಂಜೆ ಹಸು. ಹಾಗೇ ಇಬ್ಬರನ್ನೂ ಓದಿಸಿದಳು. ಆಮೇಲೆ ನನ್ನನ್ನೂ ಸಾಕಿದಳು. ಎಂಬತ್ತು ದಾಟಿದರೂ ದಿನಾ ಬದುವಿನ ಮೇಲೆ ಹುಲ್ಲು ಕುಯ್ಯುತ್ತಿದ್ದಳು. ಯಾರ ಬದುವಾದರೂ ಸರಿ, ಒಬ್ಬರೂ ತಕರಾರು ಎತ್ತಿದವರಲ್ಲ. ಕುಡ್ಲನ್ನು ಮಾತ್ರ ಯಾರ ಕೈಯಿಂದಲೂ ಇಸ್ಕೊಳ್ಳುತ್ತಿರಲಿಲ್ಲ.

"ನೆಲಕ್ಕಿಕ್ಕು ಮಗ, ನಾನೇ ಎತ್ಕತೀನಿ. ಕೈಯಿಂದ ಕೈಗೆ ಕೊಟ್ರೆ ಜಗಳಾಯ್ತದೆ ಕಣವ್ವ."

ದೊಡ್ಡಪ್ಪ ಮಗನಿಗೆ ಹೆಣ್ಣು ಗೊತ್ತುಮಾಡಿದ. ಬೀಗರು ಕಾರಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಅಜ್ಜಿ ಹುಲ್ಲಿನ ಹೊರೆ ಹೊತ್ತು ಬಂದಳು. ಬಂದವರು ಏನೂ ಅನ್ನಲಿಲ್ಲ. ಆದರೆ ಇವನಿಗೆ ಮರ್ಯಾದೆ ಹೋಯಿತಂತೆ! ಅವಳು ಬುಟ್ಟಿ ಹೊತ್ತು ಫೀಸು ಕಟ್ಟುವಾಗ ಎಲ್ಲಿ ಹೋಗಿತ್ತೋ ಆ ಮರ್ಯಾದೆ. ಸಂಜೆ ನಾನು ಹೊರಟಾಗ ಕುಡ್ಲನ್ನು ಗೋಣಿತಾಟಿನಲ್ಲಿ ಸುತ್ತಿ ತಂದು ನನ್ನ ಕೈಗೇ ತುರುಕಿದ.

"ಮುದ್ಕಿ ಕೈಲಿ ದುಡುಸ್ತಾವ್ರೆ ಅಂತ ಜನ ನಮ್ ಮಕಕ್ಕೆ ಉಗೀತಾರೆ. ತಕಂಡೋಗು ಇದ್ನ. ಕುಡ್ಲಿಲ್ದಿದ್ರೆ ಸುಮ್ಕೆ ಕೂತ್ಕತದೆ."

ಪಾಪ, ಅಜ್ಜಿಗೂ ರೆಸ್ಟ್ ಸಿಗಲಿ ಅಂದುಕೊಂಡು ಬ್ಯಾಗಿಗೆ ಹಾಕಿಕೊಂಡೆ. ನನ್ನ ಓದಿಗಿಷ್ಟು ಬೆಂಕಿ ಹಾಕ!

ನಾಲ್ಕು ದಿನಕ್ಕೆ ಅಜ್ಜಿಯ ಫೋನು. "ಮಗ, ನನ್ ಕುಡ್ಲು ಕಾಣ್ತಿಲ್ಲ ಕಣವ್ವ. ನೀನೇನಾರ ಕಂಡ್ಯಾ?"

"ಇಲ್ಲ ಅಜ್ಜಿ."

"ಯಾರೋ ತಕಂಡೋಗವ್ರೆ. ಓಗ್ಲಿ ಬುಡು, ತುಕ್ಕಿಡಿಸ್ದೆ ಇಟ್ಕಂಡ್ರೆ ಸಾಕು."

ಬೇರೆ ಕುಡ್ಲು ಕೊಡಬೇಡಿ ಎಂದು ದೊಡ್ಡಪ್ಪ ಊರಿಗೆಲ್ಲ ಹೇಳಿಟ್ಟ. ಹಸುವನ್ನೂ ಮಾರಿದ. ಅಜ್ಜಿ ಜಗಲಿಯಲ್ಲಿ ಕೂತಳು. ಕೂರಲಾರದೆ ಅಂಗಳಕ್ಕಿಳಿದು ಬರಿಗೈಯಲ್ಲಿ ಗರಿಕೆ ಕೀಳುತ್ತಿದ್ದಳು, ಬೆರಳೆಲ್ಲ ಗಾಯ. ಅದಕ್ಕೂ ಬೈದು ಒಳಗೆ ಕೂರಿಸಿದರು. ಮಲಗಿದವಳು ಮತ್ತೆ ಏಳಲಿಲ್ಲ. ಅಷ್ಟು ವರ್ಷ ಜ್ವರಕ್ಕೂ ಮಲಗದವಳು...

ತಿಥಿಯ ದಿನ ಊರಬಾಗಿಲಲ್ಲಿ ಫ್ಲೆಕ್ಸು ನಿಂತಿತ್ತು. ಚನ್ನರಾಯಪಟ್ಟಣದಲ್ಲಿ ಮಾಡಿಸಿದ್ದಂತೆ. 'ಶ್ರಮಜೀವಿ ಮಾತೆಗೆ ಭಾವಪೂರ್ಣ ಶ್ರದ್ಧಾಂಜಲಿ.' ಅಜ್ಜಿಯ ಫೋಟೋಕ್ಕಿಂತ ದೊಡ್ಡಪ್ಪನದೇ ದೊಡ್ಡದು. ಶ್ರಮಜೀವಿಯಂತೆ! ಹರಿದುಹಾಕುವಷ್ಟು ಕೋಪ ಬಂತು. ಹರಿಯಲಿಲ್ಲ, ಎಡೆ ಮುಂದೆ ಕೂತು ಉಂಡು ಬಂದೆ. ಕುಡ್ಲು ನನ್ನ ಅಟ್ಟದಲ್ಲಿತ್ತಲ್ಲ, ಯಾವ ಬಾಯಲ್ಲಿ ಮಾತಾಡಲಿ?

ಇವತ್ತು ಅಡುಗೆಮನೆಯಲ್ಲಿ ಅದನ್ನು ನೆಲಕ್ಕಿಟ್ಟೆ, ಅವಳು ಹೇಳಿದ ಹಾಗೇ. "ಎತ್ಕೋ ಅಜ್ಜಿ" ಅಂದೆ, ಜೋರಾಗಿಯೇ. ಸ್ವಲ್ಪ ಹೊತ್ತು ಕಾದು, ನಾನೇ ಎತ್ತಿದೆ. ಬಿಳಿ ಟೈಲ್ಸಿನ ಮೇಲೆ ಅಲಗಿನುದ್ದಕ್ಕೂ ತುಕ್ಕಿನ ಗುರುತು ಉಳಿಯಿತು.