ಆರು ತುಂಡಿನ ಶಬ್ದ, ಒಂದು ಬುಟ್ಟಿ

ಕಡಲಂಚಿನ ಕೇಣಿ ಊರಿಂದ ನಮ್ಮ ಭಾವಿಕೇರಿಗೆ ಮೀನು ತರುವಾಕೆಗೆ ತುಂಬಿದ ಬುಟ್ಟಿಯನ್ನು ಒಬ್ಬಳೇ ಇಳಿಸಲಾಗದು. ಯಾರ ಅಂಗಳಕ್ಕೆ ಬಂದಳೋ ಆ ಮನೆಯವರು ಕೈಹಚ್ಚಿ ಇಳಿಸಬೇಕು, ವ್ಯಾಪಾರ ಮುಗಿದ ಮೇಲೆ ಮತ್ತೆ ತಲೆಗೆ ಏರಿಸಿಕೊಡಬೇಕು. ಮೀನು ಕೊಳ್ಳದ ದಿನವೂ ಇದು ತಪ್ಪದು. ನಾನು ಶಾಲೆಯ ಅಕ್ಕೋರ ಕೆಲಸದಿಂದ ನಿವೃತ್ತಳಾದ ಮೇಲೆ ನಮ್ಮ ಮನೆಯಲ್ಲಿ ಈ ಕೆಲಸ ನನ್ನದು.

ಆ ಬೆಳಿಗ್ಗೆ ಬುಟ್ಟಿ ಇಳಿಸಿದ್ದೇ ಆಕೆ ಸೊಂಟದಿಂದ ಒಂದು ಚೀಟಿ ತೆಗೆದಳು. ಎದೆಯ ಎಡಗಡೆ ನೋವೆಂದು ಹಿಂದಿನ ದಿನ ಕಾರವಾರಕ್ಕೆ ಹೋಗಿದ್ದಳಂತೆ. ಹೆದರಿಕೆಯಲ್ಲಿ ಡಾಕ್ಟರು ಹೇಳಿದ್ದೊಂದೂ ತಲೆಗೆ ಹತ್ತಿರಲಿಲ್ಲ. ಚೀಟಿಯಲ್ಲಿದ್ದ ಇಂಗ್ಲಿಷ್ ಶಬ್ದದ ಉದ್ದ ನೋಡಿಯೇ ಅರ್ಧ ಜೀವ ಹೋಗಿತ್ತು.

"ಅಕ್ಕೋರೆ, ಇಷ್ಟುದ್ದ ಹೆಸ್ರಿನ ನೋವು ಬಂದೋರು ಮತ್ತೆ ಬುಟ್ಟಿ ಹೊರೂಕೆ ಆಗ್ತದ್ಯಾ?"

ಮಸ್ಕ್ಯುಲೋಸ್ಕೆಲಿಟಲ್. ನನಗೂ ಒಂದೇ ಉಸಿರಿಗೆ ಬರಲಿಲ್ಲ. ಆದರೆ ಹೊಸ ಶಬ್ದ ಕಂಡರೆ ನನಗೆ ಸುಮ್ಮನಿರಲಾಗದು, ಹಾಳು ಚಟ. ಮಸ್, ಕ್ಯು, ಲೋ, ಸ್ಕೆ, ಲಿ, ಟಲ್ ಎಂದು ಆರು ತುಂಡು ಮಾಡಿ, 'ಸ್ಕೆ'ಗೆ ಒತ್ತು ಕೊಟ್ಟು ಆಕೆಯಿಂದಲೂ ಹೇಳಿಸಿದೆ. ಒಳಗಿನಿಂದ ದಪ್ಪ ನಿಘಂಟು ತಂದೆ. ಮೊದಲರ್ಧ ಸ್ನಾಯು, ಅದರ ಲ್ಯಾಟಿನ್ ಮೂಲಕ್ಕೆ ಪುಟ್ಟ ಇಲಿ ಎಂಬ ಅರ್ಥ. ತೋಳು ಮಡಚಿದಾಗ ಚರ್ಮದಡಿ ಇಲಿ ಓಡಿದ ಹಾಗೆ ಯಾರಿಗೋ ಕಂಡಿತ್ತೇನೋ. ನಮ್ಮ ಮೂಷಿಕವೂ ಅದರ ನೆಂಟನೇ. ಉಳಿದರ್ಧ ಎಲುಬುಗೂಡು, ಅದರ ಗ್ರೀಕ್ ಮೂಲಕ್ಕೆ ಒಣಗಿಸಿದ್ದು ಎಂದರ್ಥ. ಒಟ್ಟಿನಲ್ಲಿ ನೋವು ಸ್ನಾಯು, ಎಲುಬಿನದು, ಹೃದಯದ್ದಲ್ಲ ಎಂದೆ.

ಆಕೆಯ ಮುಖ ಅರಳಿತು. ವರ್ಷವಿಡೀ ಮೀನು ಒಣಗಿಸಿದವಳ ಮೈಯೊಳಗೂ ಒಣಗಿಸಿದ್ದೇ ಇದೆಯಲ್ಲ ಎಂದು ನಕ್ಕಳು. ನನಗೂ ಪಾಠ ಫಲಿಸಿದ ಖುಷಿ. ಆಕೆ ತಲೆಯ ಮೇಲೆ ಬಟ್ಟೆಯ ಸಿಂಬೆ ಸರಿಮಾಡಿಕೊಂಡು, ಕೈಹಚ್ಚಿ ಎಂದಳು. ನಾನು ಚೀಟಿ ಮಡಚುವಾಗ ಅದರ ಕೆಳಗೊಂದು ಚಿಕ್ಕ ಸಾಲು ಕಂಡಿತು. ಅದನ್ನೂ ಓದಿಬಿಟ್ಟೆ: ತಲೆಯ ಮೇಲೆ ಭಾರ ಹೊರಬಾರದು.

ಆಕೆ ಬುಟ್ಟಿಯ ಬಂಗಡೆ ಮೀನುಗಳನ್ನು ಒಪ್ಪವಾಗಿ ಸರಿಸಿಟ್ಟಳು.

"ಉದ್ದಂದು ಓದಿ ಅಂದಿದ್ದೆ ನಾನು. ಗಿಡ್ಡಂದು ಯಾಕ್ ಓದಿದ್ರಿ ಅಕ್ಕೋರೆ?"

ಬುಟ್ಟಿಗೆ ಕೈಹಚ್ಚಲು ನನಗೆ ಮನಸ್ಸಾಗಲಿಲ್ಲ. ಆಕೆ ದಾರಿಯಲ್ಲಿ ಹೋಗುತ್ತಿದ್ದವರನ್ನು ಕರೆದು ಏರಿಸಿಕೊಂಡು ಹೊರಟಳು.

ಮರುದಿನವೂ ಬುಟ್ಟಿ ತಲೆಯ ಮೇಲೆಯೇ ನಮ್ಮ ಮನೆಗೆ ಬಂತು. ಇಳಿಸಲು ಮಾತ್ರ ಪಕ್ಕದ ಮನೆಯವರನ್ನು ಕರೆದಳು. ನಾನು ನಮ್ಮ ಅಂಗಳದಲ್ಲಿ ಬರಿಗೈಯಲ್ಲಿ ನಿಂತಿದ್ದೆ.